ದಸ್ತಿಯ ಕೆಳಗೆ ಎಡಗೈ

ಮೊದಲು ಸುಮ್ಮನಾದದ್ದು ಬೆರಳುಗಳು.

ನಾಲಿಗೆ ಆಮೇಲೆ. ಕಾಲು ಅದಕ್ಕೂ ಆಮೇಲೆ. ಇದು ನಾನು ಕಣ್ಣಾರೆ ಕಂಡದ್ದಲ್ಲ, ಮೆಹಬೂಬ್ ಸಾಬರು ಹೇಳಿದ್ದು. ಆ ಹೊತ್ತಿನಲ್ಲಿ ನನ್ನ ಗಂಡನ ಬಲಗೈ ಅವರ ಬಲಗೈಯೊಳಗೆ ಇತ್ತು.

ನಮ್ಮ ಕಡೆ ಗಂಡನ ಹೆಸರು ಹೇಳುವ ರೂಢಿಯಿಲ್ಲ. ಆಸ್ಪತ್ರೆಯ ಕೌಂಟರುಗಳಲ್ಲಿ ಕೂಗಿ ಕೂಗಿ ಹೇಳಿ ನನ್ನ ಆ ನಾಚಿಕೆ ಪೂರ್ತಿ ಹೋಗಿದೆ. ಆದ್ದರಿಂದ ಇಲ್ಲಿಯೂ ಬರೆಯುತ್ತೇನೆ: ಮಾಣಿಕಪ್ಪ. ಹುಮನಾಬಾದಿನ ದನದ ಸಂತೆಯಲ್ಲಿ ದಲಾಲ. ಮನೆ ಬಸವಕಲ್ಯಾಣದಲ್ಲಿ. ನಾನು ಜಗದೇವಿ, ಇದೇ ಊರಿನ ಒಂದು ಅಂಗನವಾಡಿಯಲ್ಲಿ ಟೀಚರು. ಸಣ್ಣ ಮಕ್ಕಳಿಗೆ ಒಂದು ಎರಡು ಕಲಿಸುವವಳು.

ದನದ ಸಂತೆ ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದಲಾಲ ಹೆಗಲ ಮೇಲಿನ ದಸ್ತಿಯನ್ನು ತೆಗೆದು ಕೈ ಮೇಲೆ ಹೊದಿಸಿಕೊಳ್ಳುತ್ತಾನೆ. ಕೊಳ್ಳುವವನು ಆ ಬಟ್ಟೆಯ ಕೆಳಗೆ ತನ್ನ ಕೈ ತೂರಿಸುತ್ತಾನೆ. ಆಮೇಲೆ ಮಾತೆಲ್ಲ ಬೆರಳಿನದು. ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು, ಅಂಗೈಗೆ ಗೀರಿದರೆ ಮತ್ತೊಂದು. ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಹೆಂಡತಿಗಂತೂ ಕಲಿಸುವುದೇ ಇಲ್ಲ. ಮದುವೆಯಾದ ಹೊಸದರಲ್ಲಿ ಒಮ್ಮೆ ಕೇಳಿದ್ದೆ. "ಹೆಣ್ಮಕ್ಕಳಿಗೆ ಹೇಳಿದ್ರ ಸಂತಿನೇ ಮುಚ್ಚಬೇಕಾಗ್ತದ" ಎಂದು ನಕ್ಕುಬಿಟ್ಟರು. ನಾನು ಮತ್ತೆ ಕೇಳಲಿಲ್ಲ. ನನಗೂ ಸೊಕ್ಕಿದೆ.

ಅವತ್ತು ಒಂದು ಜೋಡಿ ದೇವಣಿ ತಳಿಯ ಎತ್ತಿನ ವ್ಯವಹಾರ. ಕೊಳ್ಳುವವರು ಮೆಹಬೂಬ್ ಸಾಬರು. ಹಳ್ಳಿಖೇಡದ ಕಡೆ ಕಬ್ಬಿನ ಬಂಡಿಗೆ ಎತ್ತು ಒದಗಿಸುವ ವ್ಯಾಪಾರಿ, ನಮ್ಮವರಿಗೆ ಚಿಕ್ಕಂದಿನ ಗೆಳೆಯ. ಸಂತೆಯಲ್ಲಿ ಮಾತ್ರ ಗೆಳೆತನ ಇಲ್ಲ, ಇಬ್ಬರೂ ಒಬ್ಬರ ತಲೆ ಒಬ್ಬರು ಬೋಳಿಸಲು ನೋಡುವವರೇ. ವ್ಯವಹಾರದ ನಡುವೆ ನಮ್ಮವರ ಬೆರಳು ನಿಂತವು. ಮಾಣಿಕಪ್ಪನ ಬೆರಳು ಸುಮ್ಮನಾಯಿತೆಂದರೆ ಅವನಿಗೆ ಬೆಲೆ ಒಪ್ಪಿಗೆಯಿಲ್ಲ, ಏರಿಸಬೇಕು ಎಂದು ಅರ್ಥ. ಸಂತೆಗೆಲ್ಲ ಗೊತ್ತಿದ್ದ ಹಟ ಅದು. ಮೆಹಬೂಬ್ ಸಾಬರು ಏರಿಸಿದರು. ಬೆರಳು ಅಲುಗಲಿಲ್ಲ. ಇನ್ನಷ್ಟು ಏರಿಸಿದರು. ಜನ ಸೇರಿದರು, ಏನೋ ದೊಡ್ಡ ವ್ಯಾಪಾರ ನಡೆದಿದೆ ಎಂದು. ಸಾಬರಿಗೆ ಸಿಟ್ಟು ಬಂತು, ಆದರೂ ಬಿಡಲಿಲ್ಲ, ಮತ್ತೂ ಏರಿಸಿದರು. ಆಗ ನಮ್ಮವರ ಬಾಯಿಯ ಮೂಲೆಯಿಂದ ಜೊಲ್ಲು ಇಳಿಯಿತು.

ಅಲ್ಲಿಯವರೆಗೆ ಸಾಬರು ಸ್ಟ್ರೋಕ್‌ನೊಂದಿಗೆ ಚೌಕಾಶಿ ಮಾಡುತ್ತಿದ್ದರು.

ಆಮೇಲೂ ಯಾರಿಗೂ ತಿಳಿಯಲಿಲ್ಲ. ಬಿಸಿಲು ಹತ್ತಿದೆ ಎಂದು ತಲೆಗೆ ನೀರು ಹೊಯ್ದರು. ಪಿತ್ತ ಎಂದು ಯಾರೋ ಲಿಂಬೆ ಹಿಂಡಿದರು. ಉಳ್ಳಾಗಡ್ಡಿ ಮೂಸಿಸಿದರು. ನಮ್ಮ ಮೈದುನ ಶಿವಪುತ್ರ ಅದೇ ಸಂತೆಗೆ ದನ ಸಾಗಿಸುವ ಟೆಂಪೊ ಓಡಿಸುತ್ತಾನೆ. ಅವನು ಬಂದು ನೋಡಿದಾಗಲೇ ಆಸ್ಪತ್ರೆಯ ಮಾತು ಬಂದದ್ದು. ಎತ್ತು ಇಳಿಸಿದ ಟೆಂಪೊದ ಹುಲ್ಲಿನ ಮೇಲೆಯೇ ಅಣ್ಣನನ್ನು ಮಲಗಿಸಿಕೊಂಡು ಹೋದ. ನನಗೆ ಫೋನ್ ಬಂದಾಗ ನಾನು ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದೆ. ಸೌಟು ಸಹಾಯಕಿಯ ಕೈಗೆ ಕೊಟ್ಟದ್ದು ನೆನಪಿದೆ. ಬಸ್ ಹತ್ತಿದ್ದು ನೆನಪಿಲ್ಲ.

ಹುಮನಾಬಾದಿನಿಂದ ಕಲಬುರಗಿಗೆ ಕಳಿಸಿದರು. ಸಿಟಿ ಸ್ಕ್ಯಾನ್ ಆಯಿತು. ಐಸಿಯು ಬಾಗಿಲಲ್ಲಿ ಒಬ್ಬ ಯುವ ಡಾಕ್ಟರು ನನಗೆ ಸಮಾಧಾನವಾಗಿಯೇ ವಿವರಿಸಿದರು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿದೆ. ಬಲಗೈ, ಬಲಗಾಲು, ಮಾತು ಮೂರಕ್ಕೂ ಪೆಟ್ಟು ಬಿದ್ದಿದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ, ಅದಕ್ಕೆ ಇಂತಿಷ್ಟೇ ಹೊತ್ತು ಎಂದಿರುತ್ತದೆ.

"ಆ ಟೈಮ್ ದಾಟಿದೆ ಅಮ್ಮ."

ಮೆಹಬೂಬ್ ಸಾಬರು ನನ್ನ ಹಿಂದೆಯೇ ನಿಂತಿದ್ದರು. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಅಲ್ಲಿರಲಿಲ್ಲ. ಬಹಳ ದಿನ ಅವರು ನಮ್ಮ ಕಣ್ಣಿಗೆ ಬೀಳಲಿಲ್ಲ.

ನನಗೆ ಸಿಟ್ಟು ಬಂದದ್ದು ಸಾಬರ ಮೇಲಲ್ಲ. ಗಂಡನ ಮೇಲೆ. ಬಿಪಿ ಗುಳಿಗೆ ಅವರಿಗೆ ಹಬ್ಬದ ಹೋಳಿಗೆ ಇದ್ದ ಹಾಗೆ, ಯಾವಾಗಲಾದರೊಮ್ಮೆ. ಬಾಯಿಗೆ ನಳಿಗೆ ಹಾಕಿಸಿಕೊಂಡು ಮಲಗಿದ ಮನುಷ್ಯನನ್ನು ಬೈಯಬಾರದು ಎನ್ನುತ್ತಾರೆ. ನಾನು ಬೈದೆ. ಕಿವಿಯ ಹತ್ತಿರ ಬಾಗಿ, ನರ್ಸಿಗೆ ಕೇಳಿಸದ ಹಾಗೆ, ಮನಸ್ಸಿಗೆ ಸಾಕಾಗುವಷ್ಟು ಬೈದೆ. ಅವರ ಎಡಗಣ್ಣಿನಿಂದ ನೀರು ಹರಿಯಿತು. ಕೇಳಿಸಿದೆ ಎಂದು ಗೊತ್ತಾಗಿ ನನಗೆ ಎಷ್ಟು ಧೈರ್ಯ ಬಂತೆಂದರೆ, ಹೊರಗೆ ಬಂದು ಮೊದಲ ಸಲ ಚಹಾ ಕುಡಿದೆ.

ವಾರ್ಡಿಗೆ ಬಂದ ಮೇಲೆ ಅವರ ಬಾಯಿಂದ ಒಂದು ಮಾತು ಹೊರಟಿತು.

"ಬ್ಯಾಡ."

ನೀರು ಬೇಕಾ ಎಂದರೆ ಬ್ಯಾಡ. ಲೋಟ ಬಾಯಿಗೆ ಹಿಡಿದರೆ ಗಟಗಟ ಕುಡಿಯುವುದು. ನೋಯುತ್ತದಾ ಎಂದರೆ ಬ್ಯಾಡ. ಹೆಸರೇನು ಎಂದರೆ ಬ್ಯಾಡ. ಡಾಕ್ಟರು ಇದಕ್ಕೆ ಅಫೇಷಿಯಾ ಎನ್ನುತ್ತಾರೆ ಎಂದರು. ಬುದ್ಧಿ ಹೋಗಿಲ್ಲ, ನಾವು ಆಡಿದ್ದು ಬಹುಪಾಲು ತಿಳಿಯುತ್ತದೆ, ಆದರೆ ಹೇಳಬೇಕಾದ ಪದ ನಾಲಿಗೆಗೆ ಸಿಗುವುದಿಲ್ಲ, ಹೇಗೋ ಉಳಿದುಕೊಂಡ ಒಂದೇ ಪದ ಎಲ್ಲದಕ್ಕೂ ಬರುತ್ತದೆ ಎಂದರು. ಇಷ್ಟು ಪದಗಳಿದ್ದ ಕನ್ನಡದಲ್ಲಿ ಇವರಿಗೆ ಉಳಿದದ್ದು ಬ್ಯಾಡ. ಹಟಮಾರಿಗೆ ತಕ್ಕ ಪದವೇ ಉಳಿದಿದೆ ಎಂದುಕೊಂಡೆ.

ಮನೆಗೆ ಬಂದೆವು. ಮನೆ ಅದೇ, ಆದರೆ ಪ್ರತಿಯೊಂದೂ ನಮಗೆ ವಿರೋಧವಾಗಿ ನಿಂತಿತ್ತು. ಹೊಸ್ತಿಲು ಎತ್ತರ. ಬಚ್ಚಲ ಕಲ್ಲು ಜಾರುವಂಥದ್ದು. ಕುಕ್ಕರುಗಾಲಲ್ಲಿ ಕೂರುವ ಪಾಯಖಾನೆ. ಬಲಗಾಲು ಎಳೆಯುವ ಮನುಷ್ಯ ಎಲ್ಲಿಂದ ಕುಕ್ಕರುಗಾಲಲ್ಲಿ ಕೂರಬೇಕು? ವೆಲ್ಡಿಂಗ್ ಅಂಗಡಿಯವನಿಂದ ಒಂದು ಕಬ್ಬಿಣದ ಕುರ್ಚಿಯ ನಡುವೆ ತೂತು ಕೊರೆಸಿ ತಂದೆ. ಹೊತ್ತುಕೊಂಡು ಬರುವಾಗ ಓಣಿಯವರೆಲ್ಲ ನೋಡಿದರು. "ಏನದು ಟೀಚರ್?" ಎಂದು ಒಬ್ಬಳು ಕೇಳಿದಳು. "ಸಿಂಹಾಸನ" ಎಂದೆ.

ಬಂಧುಗಳು ಬಂದರು. ಬಂದವರೆಲ್ಲ ಅವರ ತಲೆಯ ಮೇಲಿಂದ ನನ್ನೊಂದಿಗೆ ಮಾತಾಡಿದರು, ಮಂಚದ ಮೇಲೆ ಮನುಷ್ಯನಲ್ಲ ಗಂಟು ಇಟ್ಟಿದ್ದಾರೆ ಎನ್ನುವ ಹಾಗೆ. ಅವರ ಸೋದರತ್ತೆ ಜೋರಾಗಿ ಕೇಳಿದಳು, "ಇವನಿಗಿ ಏನರ ತಿಳೀತದೇನವ್ವ?"

"ನಿಮಗಿಂತ ಚಲೋ ತಿಳೀತದ್ರಿ" ಎಂದೆ. ಅತ್ತೆ ಚಹಾ ಅರ್ಧಕ್ಕೇ ಬಿಟ್ಟು ಎದ್ದಳು. ನಮ್ಮವರು ಎಡಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಕಾಯಿಲೆ ಬಂದ ಮೇಲೆ ಅದೇ ಮೊದಲ ನಗು. ಇನ್ನೂ ನಾಲ್ಕು ಜನ ಅಂಥ ನೆಂಟರು ಬರಲಿ ಎನಿಸಿತು.

ದಿನಚರಿ ಹೀಗಾಯಿತು. ಬೆಳಿಗ್ಗೆ ಅವರ ಮೈ ತೊಳೆಯುವುದು, ಸತ್ತ ಕೈಗೆ ಎಣ್ಣೆ ನೀವಿ ಒಂದೊಂದೇ ಬೆರಳನ್ನು ಬಿಡಿಸುವುದು. ಬಿಟ್ಟ ಕೂಡಲೇ ಅವು ಮತ್ತೆ ಮುದುರಿಕೊಳ್ಳುವುದು. ಗೋಡೆಗೆ ಕಟ್ಟಿದ ಹಗ್ಗ ಹಿಡಿಸಿ ನಡೆಸುವುದು. ಆಮೇಲೆ ಅಂಗನವಾಡಿಗೆ ಓಡುವುದು, ಪಕ್ಕದ ಮನೆಯಾಕೆಗೆ ಕೀಲಿ ಕೊಟ್ಟು. ಬಿಡುವಿನಲ್ಲಿ ಓಡಿ ಬಂದು ನೋಡುವುದು. ನನಗೆ ಬೆನ್ನು ನೋವು ಶುರುವಾಯಿತು, ಕೂದಲು ಉದುರಿತು. ಒಮ್ಮೊಮ್ಮೆ ಅವರಿಗೆ ಅನ್ನ ಉಣಿಸುತ್ತಾ ಇದೆಲ್ಲ ಎಲ್ಲಿಯವರೆಗೆ ಎಂದು ದುಃಖ ಉಕ್ಕಿ ಬರುತ್ತಿತ್ತು. ಸುಮ್ಮನೆ ಅತ್ತುಬಿಡುತ್ತಿದ್ದೆ, ಅವರ ಎದುರಿಗೇ. ಮರೆಮಾಡಲು ನಮ್ಮ ಮನೆಯಲ್ಲಿ ಇನ್ನೊಂದು ಕೋಣೆಯಿಲ್ಲ. ಕಾಲು ನಿಧಾನಕ್ಕೆ ಹಿಡಿತಕ್ಕೆ ಬಂತು. ಕೋಲು ಊರಿ ಬಾಗಿಲವರೆಗೆ, ಆಮೇಲೆ ಓಣಿಯ ತಿರುವಿನವರೆಗೆ. ಬಲಗೈ ಮಾತ್ರ ಬರಲಿಲ್ಲ.

ಆ ದಿನಗಳಲ್ಲಿ ಅಂಬಿಕಾ ಬಂದಳು. ನಗರಸಭೆಯ ನಮ್ಮ ವಾರ್ಡಿನ ಪುನರ್ವಸತಿ ಕಾರ್ಯಕರ್ತೆ. ಸಣ್ಣವಳಿದ್ದಾಗ ಪೋಲಿಯೊ ಆಗಿ ಎರಡೂ ಕಾಲಿಗೆ ಕ್ಯಾಲಿಪರ್ ಎಂಬ ಲೋಹದ ಆಧಾರಪಟ್ಟಿ. ಹಿಂದೆ ಎರಡು ಗಾಲಿ ಹೆಚ್ಚಿಗೆ ಹಾಕಿಸಿದ ಸ್ಕೂಟರಿನಲ್ಲಿ ಊರೆಲ್ಲ ಸುತ್ತುತ್ತಾಳೆ. ಮೊದಲ ದಿನವೇ ನನ್ನ ಗಂಡನ ಪಕ್ಕ ಕುಳಿತು ಅವರನ್ನೇ ನೋಡಿ ಮಾತಾಡಿದಳು. ಅದಕ್ಕೇ ನನಗೆ ಹಿಡಿಸಿದಳು. ಹುಮನಾಬಾದಿನ ಒಂದು ಆಸ್ಪತ್ರೆಗೆ ವಾರಕ್ಕೊಮ್ಮೆ ಬೀದರಿನಿಂದ ಸ್ಪೀಚ್ ಥೆರಪಿಸ್ಟ್ ಬರುತ್ತಾರೆ ಎಂದು ಹೇಳಿದವಳು ಅವಳೇ. ನಾನು ಯಾರನ್ನು ಬೇಡಿಕೊಳ್ಳಬೇಕು ಎಂದು ಕೇಳಿದಾಗ ಗದರಿದಳು. "ಅಕ್ಕಾ, ಬೇಡೋದು ಬಿಡ್ರಿ. ಕೇಳೋದು ಕಲೀರಿ. ಇದು ನಿಮಗ ಬರಬೇಕಾದದ್ದು."

ಅಂಗವಿಕಲರ ಸರ್ಟಿಫಿಕೇಟಿಗೆ ಮಾಡುವ ತಪಾಸಣೆ ಒಂದು ಸರ್ಕಾರಿ ಕಟ್ಟಡದಲ್ಲಿತ್ತು. ಹೋಗಿ ನೋಡಿದರೆ ಮೊದಲನೆಯ ಮಹಡಿಯಲ್ಲಿ. ಲಿಫ್ಟ್ ಇಲ್ಲ. ಅಂಗವಿಕಲರನ್ನು ಪರೀಕ್ಷಿಸಲು ಮೆಟ್ಟಿಲು ಹತ್ತಿಸುತ್ತಾರೆ ಎಂದರೆ ಹತ್ತಿದವನು ಅಂಗವಿಕಲನಲ್ಲ ಎಂದು ಬರೆಯುವುದಕ್ಕೋ ಏನೋ. ಕೆಲವರು ತಂದೆಯನ್ನು, ಮಗಳನ್ನು ಬೆನ್ನ ಮೇಲೆ ಹೊತ್ತು ಹತ್ತುತ್ತಿದ್ದರು. ಅಂಬಿಕಾ ಕೆಳಗಿನ ಮೆಟ್ಟಿಲ ಮೇಲೆ ಕ್ಯಾಲಿಪರ್ ಚಾಚಿ ಕುಳಿತಳು. ನಾನು ಗಂಡನನ್ನು ಅವಳ ಪಕ್ಕ ಕೂರಿಸಿದೆ. ಇನ್ನೂ ಕೆಲವರು ಕುಳಿತರು. ದಾರಿ ಕಟ್ಟಿತು.

ಮೇಲಿನಿಂದ ಒಬ್ಬ ನೌಕರ ಇಳಿದು ಬಂದ. "ಹಿಂಗ ಕುಂತ್ರ ಹ್ಯಾಂಗ್ರಿ? ಮ್ಯಾಲ ಬರ್ರಿ."

"ನಾವು ಬರಂಗಿಲ್ರಿ" ಎಂದೆ. "ನಿಮ್ಮ ಟೇಬಲ್ಲಿಗೆ ನಾಕ್ ಕಾಲ್ ಅವ. ಅದೇ ಕೆಳಗ ಬರ್ಲಿ."

ಸ್ವಲ್ಪ ಹೊತ್ತು ಗಲಾಟೆಯಾಯಿತು. ಟೇಬಲ್ ಕೆಳಗೆ ಬಂತು. ಡಾಕ್ಟರು ನಗುನಗುತ್ತಲೇ ಬಂದು ಕುಳಿತು, ನಮ್ಮವರನ್ನು ಪರೀಕ್ಷಿಸಿ, ಕೊನೆಗೆ ತಮಾಷೆಗೆ ಕೇಳಿದರು, "ಏನ್ರಿ ಮಾಣಿಕಪ್ಪ, ಸರ್ಟಿಫಿಕೇಟ್ ಬೇಕಲ್ಲ?"

"ಬ್ಯಾಡ."

ಇಡೀ ಸಾಲು ನಕ್ಕಿತು. ನನ್ನ ಗಂಡನೂ ನಕ್ಕರು. ನಾನು ಮಾತ್ರ ಗಾಬರಿಯಾಗಿ ಬೇಕು ಬೇಕು ಎಂದು ಕೂಗಿದೆ.

ಈ ಗೆಲುವಿನ ಹುರುಪಿನಲ್ಲಿ ಇದ್ದಾಗಲೇ ಶಿವಪುತ್ರ ಬಂದು ಸಂತೆಯ ಸುದ್ದಿ ತೆಗೆದ.

ಸಂತೆಯಲ್ಲಿ ಪ್ರತಿ ದಲಾಲನಿಗೂ ಒಂದು ಜಾಗ ಇರುತ್ತದೆ. ಇವರದು ಬೇವಿನ ಮರದ ಕೆಳಗೆ. ಇವರ ಅಪ್ಪ ಅಲ್ಲೇ ನಿಂತವರು. ಎತ್ತು ಮಾರುವ ರೈತ ಸಂತೆಗೆ ಬಂದರೆ ಬೇವಿನ ಗಿಡದ ಮಾಣಿಕಪ್ಪ ಎಲ್ಲಿ ಎಂದು ಕೇಳುತ್ತಾನೆ. ಆ ಜಾಗ ಹೋಯಿತೆಂದರೆ ದಲಾಲಿ ಹೋದಂತೆ, ಹೆಸರೂ ಹೋದಂತೆ. ಯಾವ ದಲಾಲ ಬಹಳ ದಿನ ಬರದಿದ್ದರೂ ಉಳಿದ ಹಿರಿಯರು ಯುಗಾದಿಯವರೆಗೆ ಕಾಯುತ್ತಾರೆ, ಆಮೇಲೆ ಜಾಗ ಇನ್ನೊಬ್ಬನಿಗೆ. ಹಾಗೆ ಅವರಲ್ಲಿ ಕಟ್ಟುಪಾಡು.

"ವೈನಿ, ನಾವೇ ಬಿಟ್ಟುಕೊಟ್ರ ಮರ್ಯಾದಿ. ಅಣ್ಣಗ ಮಾತಿಲ್ಲ, ಕೈಯಿಲ್ಲ. ದಲಾಲಗ ಮತ್ತೇನದ?" ಎಂದ ಶಿವಪುತ್ರ. ಕೆಟ್ಟ ಹುಡುಗನಲ್ಲ. ಅವನ ಹೆಂಡತಿಯ ತಮ್ಮ ಆ ಜಾಗಕ್ಕೆ ಆಸೆಪಟ್ಟಿದ್ದ, ಅಷ್ಟೇ. ಆಮೇಲೆ ಅಣ್ಣನ ಕಡೆ ತಿರುಗಿ ಜೋರು ದನಿಯಲ್ಲಿ ಕೇಳಿದ, "ಅಣ್ಣಾ, ಜಾಗ ಕೊಟ್ಟುಬಿಡ್ಲೇನು?"

"ಬ್ಯಾಡ."

"ನೋಡ್ರಿ, ಎಲ್ಲಾದಕ್ಕೂ ಅದೇ" ಎಂದು ಶಿವಪುತ್ರ ಬೇಸರದಿಂದ ನಕ್ಕ.

ನಾನು ಅವರ ಮುಖ ನೋಡಿದೆ. ಕುತ್ತಿಗೆಯ ನರ ಉಬ್ಬಿತ್ತು. ಎಡಗೈ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು. ದಿನಕ್ಕೆ ನೂರು ಸುಳ್ಳು ಬ್ಯಾಡ ಕೇಳಿದವಳು ನಾನು. ಇದು ಖರೆ ಬ್ಯಾಡ.

"ಯುಗಾದಿ ಇನ್ನೂ ಬಂದಿಲ್ಲ" ಎಂದೆ ಶಿವಪುತ್ರನಿಗೆ. "ಬರೂತನಕ ಆ ಜಾಗದ ಮ್ಯಾಲ ಯಾರೂ ಕಾಲಿಡೂದು ಬ್ಯಾಡ."

ಬಾಯಲ್ಲಿ ಅಂದೆ, ಅಷ್ಟೇ. ಏನು ಮಾಡಬೇಕು ಎಂದು ನನಗೆ ಗೊತ್ತಿರಲಿಲ್ಲ.

ಪ್ರತಿ ವಾರ ಹುಮನಾಬಾದಿಗೆ ಥೆರಪಿಗೆ ಹೋಗುತ್ತಿದ್ದೆವು. ಬಸ್ಸಿನಲ್ಲಿ ಅಂಗವಿಕಲರಿಗೆಂದು ಬರೆದ ಸೀಟಿನಲ್ಲಿ ಯಾರಾದರೂ ಗಟ್ಟಿಮುಟ್ಟಾದವರು ಕುಳಿತೇ ಇರುತ್ತಿದ್ದರು. ಅವರನ್ನು ಎಬ್ಬಿಸುವುದು ನನಗೆ ಒಂದು ವ್ಯಾಯಾಮವಾಗಿಬಿಟ್ಟಿತ್ತು. "ನೋಡಿದ್ರ ಚಲೋನೇ ಅದಾರಲ್ಲ" ಎಂದ ಒಬ್ಬ. "ನೀವೂ ನೋಡಿದ್ರ ಶಾಣ್ಯಾನ ಕಾಣ್ತೀರಿ, ಏಳ್ರಿ" ಎಂದೆ. ಎದ್ದ.

ಥೆರಪಿಸ್ಟ್ ಮೇಡಮ್ಮಿಗೆ ನನ್ನ ಮಗಳಾಗುವ ವಯಸ್ಸು. ಸಹನೆ ಮಾತ್ರ ಅಜ್ಜಿಯದು. ಚಿತ್ರ ತೋರಿಸುವಳು, ಹಾಡಿನ ಧಾಟಿಯಲ್ಲಿ ಪದ ಹೇಳಿಸುವಳು. ಒಂದು ದಿನ ಅಂಕಿಗಳನ್ನು ಎತ್ತಿಕೊಂಡಳು. ಶಿವಪುತ್ರನೂ ಬಂದಿದ್ದ ಅವತ್ತು. ಮೇಡಮ್ ಏಳು ಚುಕ್ಕೆಗಳ ಚೀಟಿ ತೋರಿಸಿ, "ಎಷ್ಟು? ಬಾಯಲ್ಲಿ ಬರದಿದ್ದರೆ ಕೈಯಲ್ಲಿ ತೋರಿಸಿ" ಎಂದಳು.

ನನ್ನ ಗಂಡ ಎಡಗೈ ಚಾಚಿ ಆ ಹುಡುಗಿಯ ಬೆರಳುಗಳನ್ನು ಹಿಡಿದುಕೊಂಡರು. ಗಟ್ಟಿಯಾಗಿ. ಹಿಡಿದು ಒತ್ತಿದರು.

ನನಗೆ ಮುಖ ಎಲ್ಲಿಡಬೇಕು ಎಂದು ತಿಳಿಯಲಿಲ್ಲ. ಶಿವಪುತ್ರ ಹಾರಿಬಿದ್ದು ಅಣ್ಣನ ಕೈ ಎಳೆದ. "ತಪ್ಪ ತಿಳ್ಕೋಬ್ಯಾಡ್ರಿ ಮೇಡಮ್, ತಲಿ ಠಿಕಾಣ್ಯಾಗಿಲ್ಲ ಅವರದು." ಅವರು ಕೈ ಕೊಡವಿ ಮತ್ತೆ ಚಾಚಿದರು. ನಾನೂ ಗದರಿದೆ. ಅವರು "ಬ್ಯಾಡ, ಬ್ಯಾಡ, ಬ್ಯಾಡ" ಎಂದು ಮೇಜಿನ ಮೇಲೆ ಗುದ್ದಿದರು, ಕಣ್ಣು ಕೆಂಪಾಗಿತ್ತು.

ಮೇಡಮ್ ಮಾತ್ರ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. "ಇರಿ, ಬೈಯಬೇಡಿ. ಸುಮ್ಮನೆ ಹಿಡಿದದ್ದಲ್ಲ ಇದು. ಬೆರಳು ಆರಿಸಿ ಹಿಡಿದರು" ಎಂದಳು. ಆಮೇಲೆ ನನ್ನನ್ನು ಕೇಳಿದಳು, "ಕೆಲಸದಲ್ಲಿ ಇವರು ಲೆಕ್ಕ ಹೇಗೆ ಮಾಡ್ತಿದ್ರು?"

"ದಸ್ತಿ ಕೆಳಗ, ಬೆರಳ ಹಿಡದು" ಎಂದೆ.

ಶಿವಪುತ್ರನಿಗೂ ಆ ಬೆರಳ ಲೆಕ್ಕ ಬರುವುದಿಲ್ಲ. ಅವನು ದನ ಸಾಗಿಸುವವನು, ಮಾರುವವನಲ್ಲ. ಬರುವ ಒಬ್ಬರನ್ನು ಕರೆಯಬೇಕಿತ್ತು. ಮೆಹಬೂಬ್ ಸಾಬರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಿದರು.

"ಭಾಬಿ, ಯಾವ ಮುಖ ಇಟ್ಕೊಂಡು ಬರ್ಲಿ?" ಎಂದರು. "ಕೈ ನನ್ನ ಕೈಯಾಗೇ ಇತ್ತು. ನನಗ ತಿಳೀಲಿಲ್ಲ."

"ಮುಖ ಅಲ್ಲೇ ಇಟ್ಟು ಬರ್ರಿ. ನನಗ ನಿಮ್ಮ ಕೈ ಬೇಕಾಗ್ಯದ."

ಮರುದಿನ ಬಂದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನಮ್ಮವರು ಅಂಗಳದಲ್ಲಿ ಶಾಲು ಹೊದ್ದು ಕುಳಿತಿದ್ದರು, ಎದುರಿಗೆ ನಮ್ಮ ಎಮ್ಮೆ ಕಟ್ಟಿತ್ತು. ಸಾಬರು ಅವರ ಎಡಕ್ಕೆ ಕುಳಿತರು. ಇಬ್ಬರೂ ಬಹಳ ಹೊತ್ತು ಎಮ್ಮೆಯನ್ನೇ ನೋಡಿದರು. ಆಮೇಲೆ ಸಾಬರು ಶಾಲಿನ ಅಂಚನ್ನು ಎತ್ತಿ ಕೆಳಗೆ ಕೈ ತೂರಿಸಿ, ಎಮ್ಮೆಯ ಕಡೆ ಗೋಣು ಹಾಕಿ ಕೇಳಿದರು, "ಕೊಡ್ತೀಯೇನು?"

ಶಾಲು ಸ್ವಲ್ಪ ಅಲುಗಿತು. ಸಾಬರ ಮುಖ ಬದಲಾಯಿತು. ಅವರೂ ಏನೋ ಒತ್ತಿದರು. ನಮ್ಮವರು ಆ ಕೈಯನ್ನು ಶಾಲಿನ ಹೊರಗೆ ಎಸೆದರು. "ಬ್ಯಾಡ!"

"ಯಾ ಅಲ್ಲಾ" ಎಂದು ಸಾಬರು ನಗುತ್ತ ನಗುತ್ತ ಅಳಲು ಶುರುಮಾಡಿದರು. "ಭಾಬಿ, ನಿಮ್ಮ ಗಂಡ ವ್ಯಾಪಾರ ಮಾಡಾಕತ್ತಾನ್ರಿ! ನಾ ಕಡಿಮಿ ಹೇಳಿದೆ, ಬ್ಯಾಡ ಅಂದ. ಬರೋಬ್ಬರಿ ಹೇಳಾಕತ್ತಾನ. ಲೆಕ್ಕ ಎಲ್ಲಾ ಹಾಂಗೇ ಅದ, ಹಾಂಗೇ ಅದ!"

ಮೇಡಮ್ಮಿಗೆ ಫೋನ್ ಮಾಡಿ ಹೇಳಿದಾಗ ಅವಳೂ ಖುಷಿಯಿಂದ ಕೂಗಿದಳು. ಬಾಯಿಗೆ ಬಾರದ ಅಂಕಿ ಬೆರಳಿನಲ್ಲಿ ಉಳಿದಿರುವುದು ಸಾಧ್ಯ, ಬಿಡಬೇಡಿ, ದಿನಾ ಮಾಡಿಸಿ ಎಂದಳು. ಸಾಬರು ದಿನಾ ಬರತೊಡಗಿದರು. ನಮ್ಮ ಎಮ್ಮೆ ಆ ಅಂಗಳದಲ್ಲಿ ಎಷ್ಟು ಸಲ ಮಾರಾಟವಾಯಿತೋ ಅದಕ್ಕೇ ಗೊತ್ತು. ಒಂದು ಸಂಜೆ ನಾನು ಹಾಗಾದರೆ ಸಂತೆಗೆ ಹೋಗೋಣ ಎಂದೆ.

ಸಾಬರು ತಲೆ ತಗ್ಗಿಸಿದರು. "ಮನ್ಯಾಗ ಚಲೋ ಭಾಬಿ. ಸಂತ್ಯಾಗ ಎಡಗೈ ಯಾರ್ ಹಿಡೀತಾರ?"

ಅದು ನನಗೆ ಹೊಳೆದೇ ಇರಲಿಲ್ಲ. ವ್ಯವಹಾರ ಬಲಗೈಯದು. ಎಡಗೈ ಚಾಚುವುದೆಂದರೆ ಎದುರಿನವನಿಗೆ ಅವಮಾನ, ಎತ್ತಿಗೆ ಅಪಶಕುನ. ಬೇರೆ ಎಷ್ಟೋ ವಿಷಯಕ್ಕೆ ಜಗಳವಾಡುವ ನಮ್ಮ ಕಡೆಯ ಹಿಂದೂಗಳೂ ಮುಸಲ್ಮಾನರೂ ಎಡಗೈಯ ವಿಷಯದಲ್ಲಿ ಮಾತ್ರ ಒಂದೇ ಮಾತಿನವರು. ನನಗೆ ಮೈ ಉರಿಯಿತು. ಈ ಎಡಗೈ ತಿಂಗಳುಗಳಿಂದ ಉಂಡಿದೆ, ತೊಳೆದಿದೆ, ಕೋಲು ಊರಿದೆ, ಒಂದು ಸಂಸಾರವನ್ನು ಎಬ್ಬಿಸಿ ನಿಲ್ಲಿಸಿದೆ. ಅದಕ್ಕೆ ಮೈಲಿಗೆಯೇ?

"ಹಿಡೀತಾರೋ ಬಿಡ್ತಾರೋ, ಅವರ ಮುಂದ ಚಾಚಿ ನೋಡೂಣು" ಎಂದೆ. ನನ್ನ ಗಂಡ ಆಗಲೇ ಗೋಡೆಯ ಮೊಳೆಯಿಂದ ದಸ್ತಿ ತೆಗೆಯುತ್ತಿದ್ದರು.

ಯುಗಾದಿಯ ಮುಂಚಿನ ಕೊನೆಯ ಸಂತೆ. ಬೆಳಿಗ್ಗೆ ಶಿವಪುತ್ರ ಟೆಂಪೊ ತರಲಿಲ್ಲ, ನಾವು ಬಸ್ಸಿನಲ್ಲೇ ಹೋದೆವು. ದನದ ಸಂತೆಯಲ್ಲಿ ಹೆಂಗಸರು ಚಹಾ ಮಾರಲು ಬಂದರೆ ಬಂದರು, ದಲಾಲರ ಸಾಲಿನಲ್ಲಿ ನಿಲ್ಲುವುದಿಲ್ಲ. ನಾನು ನಿಂತೆ. ಸೆಗಣಿ, ಗಂಜಳ, ಮೇವಿನ ವಾಸನೆ ಮೂಗಿಗೆ ಬಡಿಯುತ್ತಲೇ ಅವರು ಮುಖ ಮೇಲೆತ್ತಿದರು. ಕೋಲು ಊರುತ್ತ ನನಗಿಂತ ಮುಂದೆ ನಡೆದರು. ಬೇವಿನ ಮರದ ಕೆಳಗೆ ಶಿವಪುತ್ರನ ಹೆಂಡತಿಯ ತಮ್ಮ ನಿಂತಿದ್ದ. ಇವರನ್ನು ನೋಡಿ ಪಕ್ಕಕ್ಕೆ ಸರಿದ. ಜನ ಸುತ್ತ ಸೇರಿದರು. ಕೆಲವರು ಕೈಮುಗಿದರು, ಕೆಲವರು ಅಯ್ಯೋ ಎಂದರು. ಅಯ್ಯೋ ಎಂದವರನ್ನು ನಾನು ಗುರುತಿಟ್ಟುಕೊಂಡೆ.

ನಾರಾಯಣಪುರದ ಒಬ್ಬ ಯುವಕ ಒಂದು ಜೋಡಿ ದೇವಣಿ ತಂದಿದ್ದ. ಅವನ ಅಪ್ಪನ ಎತ್ತುಗಳನ್ನೂ ಇವರೇ ಮಾರಿಸಿದ್ದರು. ಅವನು ಹಿಂದೆಮುಂದೆ ನೋಡದೆ ಇವರ ದಸ್ತಿಯ ಕೆಳಗೆ ಕೈ ಇಟ್ಟು ತನ್ನ ಬೆಲೆ ತಿಳಿಸಿದ. ಹಳೆಯ ಪರಿಚಯ, ಎಡವೋ ಬಲವೋ ನೋಡಲಿಲ್ಲ. ಎತ್ತುಗಳಿಗೆ ಆಸೆಪಟ್ಟು ಬಂದವನು ಗೋರ್ಟಾದ ಒಬ್ಬ ಮುದುಕ. ಎಡಗೈಯಲ್ಲಿ ಹಗ್ಗದ ಸುರುಳಿ. ಎತ್ತಿನ ಹಲ್ಲು ನೋಡಿದ, ಗೊರಸು ನೋಡಿದ, ಸುತ್ತು ಹಾಕಿದ. ಬಂದು ಬಲಗೈ ಚಾಚಿದ.

ದಸ್ತಿಯ ಕೆಳಗಿನಿಂದ ಬಂದ ಕೈ ಎಡದ್ದು.

ಮುದುಕ ಕೈ ಹಿಂದಕ್ಕೆ ತೆಗೆದುಕೊಂಡ. "ಎಡಗೈಲೆ ವ್ಯವಹಾರ ಮಾಡ್ತಾರೇನೋ?" ಎಂದ. ಸಿಟ್ಟಿನಿಂದಲ್ಲ, ಹೆದರಿಕೆಯಿಂದ. ಅವನು ಬಿತ್ತನೆಗೆ ಒಯ್ಯಬೇಕಾದ ಎತ್ತು ಅವು. ಶಿವಪುತ್ರ ಎಲ್ಲಿದ್ದನೋ, ಮುಂದೆ ಬಂದು, "ನಡಿ ಅಣ್ಣ, ಸಾಕು, ಮರ್ಯಾದಿ ಹೋಗಾಕತ್ತದ" ಎಂದು ತೋಳು ಹಿಡಿದ. ನನ್ನ ಗಂಡ ಕದಲಲಿಲ್ಲ. ದಸ್ತಿ ಹೊದ್ದ ಕೈ ಹಾಗೇ ಚಾಚಿತ್ತು.

ನಾನು ಅವರ ಬಲಗೈಯನ್ನು ಹಿಡಿದು ಮೇಲೆತ್ತಿದೆ. ಮುದುರಿದ ಬೆರಳುಗಳನ್ನು ಮುದುಕನ ಮುಂದೆ ಹಿಡಿದೆ.

"ಕಾಕಾ, ಇದು ಬಲಗೈ. ಸತ್ತದ. ಅದು ಎಡಗೈ, ಜೀವಂತ ಅದ. ನಿಮಗ ಯಾವುದರ ಕೂಡ ವ್ಯವಹಾರ ಮಾಡೂದದ, ಹೇಳ್ರಿ."

ಸಂತೆಯಲ್ಲಿ ಹೆಂಗಸಿನ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲಿರಬೇಕು. ಒಂದು ಎಮ್ಮೆ ಕೂಗಿತು. ಮುದುಕ ಆ ಮುದುರಿದ ಕೈಯನ್ನು ನೋಡಿದ, ದಸ್ತಿಯನ್ನು ನೋಡಿದ, ಕೊನೆಗೆ ಎತ್ತುಗಳನ್ನು ನೋಡಿದ. ಆಮೇಲೆ ತನ್ನ ಎಡಗೈಯಲ್ಲಿದ್ದ ಹಗ್ಗದ ಸುರುಳಿಯನ್ನು ಬಲಗೈಗೆ ಬದಲಾಯಿಸಿಕೊಂಡ.

ಎಡಗೈಯನ್ನು ದಸ್ತಿಯ ಕೆಳಗೆ ಇಟ್ಟ.

ನಾನು ಅವರ ಸತ್ತ ಕೈಯನ್ನು ಹಿಡಿದುಕೊಂಡೇ ನಿಂತಿದ್ದೆ. ಬಟ್ಟೆ ಅಲುಗಿತು. ನಿಂತಿತು. 

"ಬ್ಯಾಡ" ಎಂದರು ನನ್ನ ಗಂಡ.

ಮುದುಕ ತುಟಿ ಕಚ್ಚಿಕೊಂಡು ಮತ್ತೆ ಏನೋ ಒತ್ತಿದ.

"ಬ್ಯಾಡ."

ಸಂತೆಯಲ್ಲಿ ಆ ಪದ ಎಷ್ಟು ಸರಿಯಾಗಿ ಕೂತಿತೆಂದರೆ ಸುತ್ತಲಿನವರು ಮುಂದಕ್ಕೆ ಬಾಗಿದರು. ಬೆರಳುಗಳು ಬಹಳ ಹೊತ್ತು ಆಡಿದವು. ಒಮ್ಮೆ ಅವು ಪೂರ್ತಿ ಸುಮ್ಮನಾದಾಗ ಮೆಹಬೂಬ್ ಸಾಬರು ಗಾಬರಿಯಾಗಿ ಇವರ ಬಾಯಿಯ ಮೂಲೆಯನ್ನು ನೋಡಿದರು. ನಾನೂ ನೋಡಿದೆ. ಅಲ್ಲಿ ನಗು ಇತ್ತು. ಹಳೆಯ ಹಟ, ಅಷ್ಟೇ. ಮುದುಕ ಏರಿಸಿದ. ನಮ್ಮವರು ಅವನ ಕೈಯನ್ನು ಜೋರಾಗಿ ಕುಲುಕಿ, ಮುಖ ಅರಳಿಸಿ, "ಬ್ಯಾಡ!" ಎಂದರು.

ಎಲ್ಲರೂ ಗೊಳ್ಳೆಂದು ನಕ್ಕರು. ಮುದುಕ ಗೊಂದಲಕ್ಕೆ ಬಿದ್ದು ಸಾಬರ ಕಡೆ ನೋಡಿದ. ಆಮೇಲೆ ತಾನೇ ಹೇಳಿದ, "ಬಾಯಿ ಏನರೆ ಅನ್ಲಿ. ಕೈ ಆಯ್ತು ಅಂದದ." ಹಗ್ಗವನ್ನು ಎತ್ತಿನ ಕೊರಳಿಗೆ ಹಾಕಿದ. ಶಿವಪುತ್ರ ತನ್ನ ಟೆಂಪೊದಲ್ಲಿ ಆ ಎತ್ತುಗಳನ್ನು ಗೋರ್ಟಾಕ್ಕೆ ಬಿಟ್ಟು ಬರಲು ಹೋದ. ಹೋಗುವ ಮುಂಚೆ ನೆಲಕ್ಕೆ ಬಿದ್ದಿದ್ದ ಅಣ್ಣನ ಕೋಲನ್ನು ಎತ್ತಿ ಕೊಟ್ಟ.

ಬೇವಿನ ಮರದ ಕೆಳಗಿನ ಜಾಗ ಈಗ ಇವರದೇ. ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎಡಗೈ ಎಂದು ಮುಖ ತಿರುಗಿಸಿ ಹೋಗುವವರು ಇಂದಿಗೂ ಇದ್ದಾರೆ, ವ್ಯಾಪಾರ ಮುಂಚಿನಷ್ಟಿಲ್ಲ. ಬಲಗೈ ಬರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಇನ್ನೊಂದು ಸ್ಟ್ರೋಕ್ ಬರಬಹುದು ಎಂಬ ಹೆದರಿಕೆ ನನ್ನ ಎದೆಯಲ್ಲಿ ಕಾಯಂ ಮನೆ ಮಾಡಿದೆ. ಬಿಪಿ ಗುಳಿಗೆಯನ್ನು ನಾನೇ ಬಾಯಿಗೆ ಹಾಕಿ, ನುಂಗಿದರೋ ಇಲ್ಲವೋ ಎಂದು ನಾಲಿಗೆ ಎತ್ತಿಸಿ ನೋಡುತ್ತೇನೆ. ಮಾತು ಮೂರ್ನಾಲ್ಕು ಬಂದಿವೆ. ನನ್ನ ಹೆಸರು ಇನ್ನೂ ಬಂದಿಲ್ಲ. ಮೇಡಮ್ಮಿನ ಹೆಸರು ಮಾತ್ರ ಬಂದಿದೆ, ಅದಕ್ಕೆ ನಾನು ಸಿಟ್ಟು ಮಾಡಿಕೊಂಡಿದ್ದೂ ಇದೆ. ಆದರೂ ಇದ್ದಾರೆ, ನಡೆಯುತ್ತಾರೆ, ಬೆಲೆ ಕಟ್ಟುತ್ತಾರೆ. ಇಷ್ಟು ಉಳಿಸಿಕೊಂಡದ್ದಕ್ಕೆ ಯಾರ್ಯಾರಿಗೆ ಕೈಮುಗಿಯಬೇಕೋ ಅವರಿಗೆಲ್ಲ ಮುಗಿಯುತ್ತೇನೆ. ಮೆಟ್ಟಿಲು ಕಟ್ಟಿಸಿದವರನ್ನು ಬಿಟ್ಟು.

ಅವತ್ತು ಸಂತೆಯಿಂದ ಬಸ್ಸಿನಲ್ಲಿ ಮರಳುವಾಗ ನಮ್ಮ ಸೀಟು ಖಾಲಿಯೇ ಇತ್ತು, ಜಗಳವಾಡುವ ಕೆಲಸ ತಪ್ಪಿತು. ನಾನು ಅವರ ಎಡಕ್ಕೆ ಕುಳಿತೆ. ಸಸ್ತಾಪುರ ಬಂಗ್ಲಾ ಸ್ಟಾಪು ದಾಟಿದ ಮೇಲೆ ಕೇಳಿದೆ, "ಆ ಮುದುಕಗ ಬಟ್ಟಿ ಕೆಳಗ ಏನೇನ್ ಹೇಳಿದ್ರಿ? ನನಗೂ ಒಂದಿಷ್ಟು ಕಲಿಸ್ರಿ."

"ಬ್ಯಾಡ" ಎಂದರು, ಕಿಟಕಿಯ ಕಡೆ ನೋಡುತ್ತಾ.

ನಾನೂ ಮುಖ ತಿರುಗಿಸಿದೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಮಡಿಲ ಮೇಲೆ ದಸ್ತಿ ಬಂದು ಬಿತ್ತು. ಅದರ ಕೆಳಗೆ ಅವರ ಕೈ ನನ್ನ ಕೈಯನ್ನು ಹುಡುಕಿ, ತೋರುಬೆರಳನ್ನು ಹಿಡಿದು ಒತ್ತಿತು.

"ಒಂದು?" ಎಂದೆ.

ಕೈ ಮುಂದಿನ ಬೆರಳಿಗೆ ಹೋಯಿತು.